ನೆನೆಯದ ಚೀಲ

"ಗ್ಯಾನೀಜಿ, ಹೆಸರು ಹೇಳಬಲ್ಲವರಿಗೆ ಮಾತ್ರ ಇನ್ನು ಮುಂದೆ ಲಂಗರಿನಲ್ಲಿ ಊಟ ಎಂದು ಬಾಗಿಲಿಗೆ ಬರೆದು ಹಾಕಿಬಿಡಲೇ?"

ಈ ಪ್ರಶ್ನೆ ಕೇಳುವಾಗ ಜೋಧ ಸಿಂಗನ ಮುಖ ಸಿಟ್ಟಿನಿಂದ ಕೆಂಪೇರಿತ್ತು. ಬೀದರ ಸೀಮೆಯ ಒಂದು ಸಣ್ಣ ಗುರುದ್ವಾರದಲ್ಲಿ ಅವನು ಆರು ವರ್ಷದಿಂದ, ಗ್ರಂಥ ಓದಿ ಅರ್ಥ ಹೇಳುವ ಗ್ಯಾನಿ ಮೇವಾ ಸಿಂಗರ ಶಿಷ್ಯ. ಬಂದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ ಊಟ ಬಡಿಸುವುದು ಅಲ್ಲಿಯ ಲಂಗರಿನ ಪದ್ಧತಿ. ನೀನು ಯಾರು, ಯಾವ ಕುಲದವನು ಎಂದು ಅಲ್ಲಿ ಯಾರೂ ಕೇಳಿದ್ದಿಲ್ಲ.

"ಯಾರ ಹೆಸರಪ್ಪಾ?" ಎಂದರು ಗ್ಯಾನಿ.

"ಭಾಯಿ ಕನ್ಹಯ್ಯರದ್ದು. ರಣರಂಗದಲ್ಲಿ ಗಾಯಗೊಂಡು ಬಿದ್ದವರಿಗೆ, ನಮ್ಮವರು ವೈರಿಗಳು ಎನ್ನದೆ ನೀರು ಕುಡಿಸಿದ ಮಹಾತ್ಮರು. ನಾಳೆ ಅವರ ಸ್ಮರಣೆ. ಬೆಳಗಿನಿಂದ ಬಾಗಿಲಲ್ಲಿ ನಿಂತು ಏಳು ಜನರನ್ನು ಕೇಳಿದೆ. ಒಬ್ಬನಿಗಾದರೂ ಗೊತ್ತಿರಬೇಕಲ್ಲ. ಏಳನೆಯವನಂತೂ ಮೂಟೆ ಇಳಿಸಿ, ಉತ್ತರ ಹೇಳುವ ಬದಲು ನನ್ನನ್ನೇ ನೀರು ಕೇಳಿದ. ನಮ್ಮ ಗುರುಗಳು ತಲೆ ಕೊಟ್ಟದ್ದು ಇಂಥವರಿಗಾಗಿಯೇ? ಹಿರಿಯರನ್ನು ನೆನೆಯದವರಿಗೆ ನಾವು ಅನ್ನ ಯಾಕೆ ಹಾಕಬೇಕು?"

"ಕೂತುಕೋ" ಎಂದರು ಗ್ಯಾನಿ. ಅವರ ದನಿಯೂ ಬಿಸಿಯಾಗಿತ್ತು. ಸಿಟ್ಟು ಯಾರ ಮೇಲೆ ಎಂದು ಜೋಧನಿಗೆ ತಿಳಿಯಲಿಲ್ಲ. ಅವರು ಹೇಳತೊಡಗಿದರು.

ದಾರಿಯ ಪಕ್ಕದಲ್ಲೇ ಒಬ್ಬ ವ್ಯಾಪಾರಿಯ ಮನೆ ಇತ್ತು. ಅವನ ಮುತ್ತಜ್ಜ ನೀನು ಹೇಳಿದ ಆ ಮಹಾತ್ಮರ ಹಾದಿ ಹಿಡಿದವನು. ತೊಗಲಿನ ಚೀಲದಲ್ಲಿ ನೀರು ಹೊತ್ತು, ದಣಿದು ಬಂದವರಿಗೆಲ್ಲ ಕುಡಿಸುತ್ತಲೇ ಜೀವ ಸವೆಸಿದ. ಅವನು ಹೋದ ಮೇಲೂ ಆ ಚೀಲ ಬಾಗಿಲ ಗೂಟದಲ್ಲಿ ನೀರು ತುಂಬಿಕೊಂಡೇ ತೂಗುತ್ತಿತ್ತು. ಗಾಡಿಯವರು ಕುಡಿದರು, ಭಿಕ್ಷುಕರು ಕುಡಿದರು. ಆ ಮನೆಯವರನ್ನು ಬೈದು ಹೋದವನೂ ಮರುದಿನ ಬಂದು ಕುಡಿದ.

ಮನೆ ವ್ಯಾಪಾರಿಯ ಕೈಗೆ ಬಂತು. ಮುತ್ತಜ್ಜ ಹೊತ್ತ ಚೀಲಕ್ಕೆ ಕಂಡಕಂಡವರೆಲ್ಲ ಕೈ ಹಾಕುವುದೇ ಎಂದು ಅವನಿಗೆ ಮೈ ಉರಿಯಿತು. ಚೀಲ ಇಳಿಸಿದ. ನೀರು ಚೆಲ್ಲಿದ. ಒರೆಸಿ, ರೇಷ್ಮೆಯಲ್ಲಿ ಸುತ್ತಿ ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟ. ದಿನವೂ ಪೆಟ್ಟಿಗೆಗೆ ಕೈ ಮುಗಿದ, ಮುತ್ತಜ್ಜನ ಕತೆ ಹೇಳಿ ಕಣ್ಣೀರು ಹಾಕಿದ. ಎಂಥ ಭಕ್ತಿ ನೋಡು. ದಾರಿಹೋಕರು ರೂಢಿಯಂತೆ ಬಾಗಿಲಿಗೆ ಬರುತ್ತಿದ್ದರು. ಬರೀ ಗೂಟ ಕಂಡು ತಿರುಗುತ್ತಿದ್ದರು. ಆ ಪುಣ್ಯಾತ್ಮ ಅವರನ್ನು ಸುಮ್ಮನೆ ಹೋಗಲೂ ಬಿಡುತ್ತಿರಲಿಲ್ಲ. ಕರೆದು ನಿಲ್ಲಿಸಿ ಮುತ್ತಜ್ಜನ ಹೆಸರು ಕೇಳುತ್ತಿದ್ದ. ಗೊತ್ತಿಲ್ಲ ಎಂದರೆ ಛೀಮಾರಿ ಹಾಕುತ್ತಿದ್ದ.

ಕೆಲವು ವರ್ಷ ಕಳೆದವು. ಮುತ್ತಜ್ಜನ ಸ್ಮರಣೆಯ ದಿನ ನೆಂಟರಿಷ್ಟರ ಮುಂದೆ ಪೆಟ್ಟಿಗೆ ತೆರೆದ. ಚೀಲ ಉದ್ದಕ್ಕೂ ಬಿರಿದಿತ್ತು. ಎತ್ತಿದರೆ ಅಂಚು ಪುಡಿಯಾಗಿ ಉದುರಿತು. ವ್ಯಾಪಾರಿ ಆಳುಗಳ ಮೇಲೆ ಹರಿಹಾಯ್ದ. ಯಾರೋ ಬೇಕೆಂದೇ ಹಾಳು ಮಾಡಿದ್ದಾರೆ ಎಂದು ಮನೆಯೆಲ್ಲ ಕೇಳುವಂತೆ ಕೂಗಾಡಿದ. ಕೊನೆಗೆ ತೊಗಲಿನ ಕೆಲಸ ಬಲ್ಲ ಮುದುಕನೊಬ್ಬನನ್ನು ಕರೆಸಿದ.

ಮುದುಕ ಬಿರುಕಿನ ಮೇಲೆ ಬೆರಳಾಡಿಸಿದ. "ಇದನ್ನು ಯಾರೂ ಹಾಳು ಮಾಡಿಲ್ಲ ಧಣಿ. ತೊಗಲಿನ ಚೀಲಕ್ಕೆ ನೀರು ತಪ್ಪಬಾರದು. ತುಂಬಿ, ಖಾಲಿಯಾಗಿ, ಮತ್ತೆ ತುಂಬುತ್ತಿದ್ದರೆ ಬಾಳುತ್ತದೆ. ಇಲ್ಲದಿದ್ದರೆ ಒಣಗಿ ಬಿರಿಯುತ್ತದೆ."

"ನನಗೇ ಹೇಳಿಕೊಡುತ್ತೀಯಾ? ಒಂದು ದಿನ ತಪ್ಪದೆ ನೆನೆದಿದ್ದೇನೆ ನಾನು."

"ನೀವು ನೆನೆದಿದ್ದೀರಿ ಧಣಿ. ಚೀಲ ನೆನೆದಿಲ್ಲ."

ಗ್ಯಾನಿ ಅಲ್ಲಿಗೆ ಕತೆ ನಿಲ್ಲಿಸಿದರು. ಜೋಧನ ಮುಖ ಇನ್ನೂ ಕೆಂಪಗೇ ಇತ್ತು. ಆದರೆ ಸಿಟ್ಟು ಈಗ ವ್ಯಾಪಾರಿಯ ಕಡೆ ತಿರುಗಿತ್ತು.

"ಎಂಥ ಮೂರ್ಖ ಗ್ಯಾನೀಜಿ ಅವನು. ಚೀಲವನ್ನು ಬಾಗಿಲಲ್ಲೇ ಬಿಟ್ಟಿದ್ದರೆ ಅದೂ ಉಳಿಯುತ್ತಿತ್ತು, ಮುತ್ತಜ್ಜನ ಹೆಸರೂ ಉಳಿಯುತ್ತಿತ್ತು. ನಾನಾಗಿದ್ದರೆ ಅವನಿಗೆ ಅಲ್ಲೇ ನಾಲ್ಕು ಮಾತು ಹೇಳುತ್ತಿದ್ದೆ."

ಗ್ಯಾನಿ ಅವನನ್ನೇ ನೋಡಿದರು.

"ಏಳನೆಯವನು ನೀರು ಕೇಳಿದ ಅಂದೆಯಲ್ಲ ಜೋಧಾ, ಕೊಟ್ಟೆಯಾ?"