ಅಟ್ಟದ ಮೇಲಿನ ಸಾಸಿವೆ

ಚಿತ್ರದ ಹಾಡು ಮರುದಿನವೇ ರೆಕಾರ್ಡ್ ಆಗಬೇಕಿತ್ತು. ಸಂಗೀತ ನಿರ್ದೇಶಕ ವಿರೂಪಾಕ್ಷಯ್ಯನವರದು ಒಂದೇ ಹಟ. "ವೀಣೆ, ಮೃದಂಗ, ನೂರಾರು ವಾದ್ಯಗಳ ನಾದ ಮುದ್ರಿಸಿಟ್ಟ ಸ್ಯಾಂಪಲ್ ಎಲ್ಲ ಆ ದೊಡ್ಡ ಹಾರ್ಡ್ ಡಿಸ್ಕಲ್ಲೇ ಇರಲಿ."

"ಅದರಿಂದ ಸ್ಯಾಂಪಲ್ ತೆಗೆಯೋದು ನಿಧಾನ ಸಾರ್, ಹಾಡು ಮಧ್ಯೆ ನಿಲ್ಲುತ್ತೆ. ದಿನಾ ಬೇಕಾದವಕ್ಕೆ ಚಿಕ್ಕದಾದ್ರೂ ವೇಗದ ಡಿಸ್ಕ್, ಅಂದ್ರೆ ಎಸ್‌ಎಸ್‌ಡಿ ತರೋಣ," ಎಂದ ಸ್ಟುಡಿಯೋ ಸಹಾಯಕ.

"ನನಗೇ ಪಾಠ ಹೇಳ್ತೀಯಾ?"

ಸಹಾಯಕ ಅವರ ತಿಂಡಿಗೆ ಉಪ್ಪಿಟ್ಟು ಮಾಡಲು ಸ್ಟುಡಿಯೋದ ಅಡುಗೆಕೋಣೆಗೆ ಹೋದ. ಎಣ್ಣೆ ಕಾಯಲು ಇಟ್ಟು ಸಾಸಿವೆಗೆ ಅಟ್ಟ ಹತ್ತಿದ. ಇಳಿದು ಬಂದು ಅದನ್ನು ಎಣ್ಣೆಗೆ ಹಾಕಿ, ಕಡಲೆಬೇಳೆಗೆ ಮತ್ತೆ ಹತ್ತಿದ. ಒಗ್ಗರಣೆ ಸೀದು ಸ್ಟುಡಿಯೋ ತುಂಬ ಹೊಗೆ.

"ಡಬ್ಬಿ ಒಲೆ ಪಕ್ಕ ಇಟ್ಕೊಳ್ಳೋಕೆ ಏನಯ್ಯಾ ಕಷ್ಟ?" ನಿರ್ದೇಶಕರು ಕೆಮ್ಮುತ್ತಾ ಗದರಿದರು.

"ಅಟ್ಟ ದೊಡ್ಡದಲ್ವಾ ಸಾರ್. ಎಲ್ಲ ಅಲ್ಲೇ ಇಟ್ಟೆ."

ನಿರ್ದೇಶಕರ ಕಣ್ಣು ಆ ದೊಡ್ಡ ಹಾರ್ಡ್ ಡಿಸ್ಕ್ ಕಡೆ ಹೊರಳಿತು. ಅಂದೇ ಎಸ್‌ಎಸ್‌ಡಿ ಬಂತು. ಮರುದಿನ ಹಾಡು ಎಲ್ಲೂ ತಡವರಿಸದೆ ಮುಗಿಯಿತು. ಉಪ್ಪಿಟ್ಟು ಬಂದಾಗ ಮೊದಲ ತಟ್ಟೆಯನ್ನು ಅವರೇ ಸಹಾಯಕನ ಕೈಗಿಟ್ಟರು.

"ನಿನ್ನೆ ನೀನು ಒಗ್ಗರಣೆ ಸೀಯಿಸದಿದ್ದರೆ, ಇವತ್ತು ನನ್ನ ಹಾಡು ಸೀದುಹೋಗ್ತಿತ್ತು ಕಣಯ್ಯ."