ಕಮಲದ ಕೆಳಗಿನ ಮರಳು

ಹೊಳೆದಂಡೆಯ ಶಂಭುಲಿಂಗನ ಗುಡಿಗೆ ಹೋದವರು ಇವತ್ತಿಗೂ ನವರಂಗದಲ್ಲಿ ನಿಂತು ಕತ್ತೆತ್ತಿ ನೋಡುತ್ತಾರೆ. ಚಾವಣಿಯ ನಟ್ಟನಡುವೆ ತಲೆಕೆಳಗಾಗಿ ಅರಳಿದ ಕಲ್ಲಿನ ಕಮಲ. ಅಬ್ಬಾ ಎನ್ನುತ್ತಾರೆ, ಕೈಮುಗಿದು ಒಳಗೆ ಹೋಗುತ್ತಾರೆ. ಆ ಕಮಲದ ಕೆಳಗೆ ಒಬ್ಬನ ಜೀವ ಬಾಯಿಗೆ ಬಂದಿತ್ತು ಅಂತ ಅವರಿಗೇನು ಗೊತ್ತು!

ಅವನ ಹೆಸರು ಬೂಚ. ಶಿಲ್ಪಿ ಸಿಂಗೋಜರ ಶಿಷ್ಯ.

ಆ ಗುಡಿ ಕಟ್ಟಿದ ಪರಿಯೇ ಬೇರೆ. ಗೋಡೆ ಏರಿದಂತೆಲ್ಲ ಒಳಗೆ ಹೊಳೆಯ ಮರಳು ತುಂಬುತ್ತಾ ಹೋದರು. ಮರಳಿನ ಗುಡ್ಡದ ಮೇಲೆಯೇ ಕಲ್ಲುಗಳನ್ನು ಎಳೆದು ತಂದು ಚಾವಣಿ ಜೋಡಿಸಿದರು. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿಗೆ ಕಲ್ಲೇ ಆಸರೆ. ಕೊನೆಗೆ ಬಾಗಿಲಿನಿಂದ ಮರಳನ್ನೆಲ್ಲ ಬುಟ್ಟಿಯಲ್ಲಿ ಹೊರಕ್ಕೆ ಸಾಗಿಸಬೇಕು. ಚಾವಣಿ ನಿಂತರೆ ಗುಡಿ. ಬಿದ್ದರೆ ಕೆಳಗಿದ್ದವರ ಕಥೆ ಮುಗಿಯಿತು.

ಗರ್ಭಗುಡಿಯನ್ನು ಸಿಂಗೋಜರೇ ಮುಗಿಸಿದ್ದರು. ನವರಂಗದ ಚಾವಣಿಯನ್ನು ಬೂಚನಿಗೆ ಬಿಟ್ಟಿದ್ದರು. ಅವನ ಕೈಯಿಂದಾದ ಮೊದಲ ಚಾವಣಿ ಅದು.

ಚಾವಣಿಯೇನೋ ಮುಗಿಯಿತು. ಮರಳು ಮಾತ್ರ ಹೊರಗೆ ಬರಲಿಲ್ಲ.

"ಕಲ್ಲು ಇನ್ನೊಂಚೂರು ಹದಕ್ಕೆ ಬರಲಿ ಗುರುಗಳೇ," ಎಂದ ಬೂಚ.

ಆಮೇಲೆ, "ಬಿಸಿಲು ಜಾಸ್ತಿ, ಆಳುಗಳು ಸುಸ್ತಾಗಿದ್ದಾರೆ," ಎಂದ.

ಆಮೇಲೆ, "ಇವತ್ತು ಅಷ್ಟಮಿ," ಎಂದ.

ಸಿಂಗೋಜರು ಪ್ರತಿಸಲವೂ ಹೂಂ ಎಂದರು. ಅರ್ಚಕ ಈಶಾನಯ್ಯನವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ಏನಪ್ಪಾ ಬೂಚಣ್ಣ, ಸ್ವಾಮಿ ಇನ್ನೂ ಹುಲ್ಲಿನ ಚಪ್ಪರದಲ್ಲೇ ಕೂರಬೇಕೇನು? ಮಳೆ ಬಂದರೆ ನಾನು ದೀಪಕ್ಕೆ ಕೊಡೆ ಹಿಡಿಯಲೋ, ದೇವರಿಗೆ ಹಿಡಿಯಲೋ? ಬರೋ ಸೋಮವಾರ ಪ್ರತಿಷ್ಠೆ. ಊರೂರಿಗೆ ಹೇಳಿಯಾಗಿದೆ, ನೆನಪಿರಲಿ!"

ಅವತ್ತು ಸಂಜೆ ಬೂಚ ಗುರುವನ್ನು ಚಾವಣಿಯ ಮೇಲಕ್ಕೆ ಕರೆದೊಯ್ದ. ಕಮಲದ ಕಲ್ಲಿಗೂ ಅದನ್ನು ಸುತ್ತುವರಿದ ಕಲ್ಲಿನ ಬಳೆಗೂ ನಡುವೆ ಒಂದು ವೀಳ್ಯದೆಲೆ ಇಟ್ಟ. ಎಲೆ ಸಲೀಸಾಗಿ ಒಳಗಿಳಿಯಿತು.

"ನೋಡಿದಿರಾ? ಸಂದು ಉಳಿದುಬಿಟ್ಟಿದೆ. ಎಲ್ಲೋ ತಪ್ಪಿದ್ದೀನಿ. ಗಾರೆ ತುಂಬಿಬಿಡಲಾ?"

"ಗಾರೆ ತುಂಬಿದರೆ ಕಲ್ಲು ಕೂರೋದೆಲ್ಲಿ?"

"ಕೂತಿದೆಯಲ್ಲ ಗುರುಗಳೇ."

"ಯಾವುದರ ಮೇಲೆ?"

ಬೂಚ ಸಂದಿನಲ್ಲಿ ಇಣುಕಿದ. "ಮರಳಿನ ಮೇಲೆ."

"ಮತ್ತೆ!" ಎಂದರು ಸಿಂಗೋಜರು. ಅಷ್ಟೇ.

"ಬಿದ್ದರೆ ಗುರುಗಳೇ? ಯಾರದಾದರೂ ಜೀವ ಹೋದರೆ? ಆಮೇಲೆ ನಾನು ಉಳಿ ಮುಟ್ಟಲಾರೆ, ಊರಿಗೆ ಮುಖ ತೋರಿಸಲಾರೆ."

ಗುರು ಸಂದಿನಿಂದ ಎಲೆ ತೆಗೆದು ಅವನ ಕೈಗಿಟ್ಟರು.

"ಸರಿ, ನಾಳೆ ತೆಗೆಯುತ್ತೀನಿ. ನೀವು ಪಕ್ಕದಲ್ಲಿ ನಿಂತಿರಿ, ಸಾಕು. ನೀವಿದ್ದರೆ ನನಗೆ ಆನೆಬಲ."

ಸಿಂಗೋಜರು ಅವನನ್ನೊಮ್ಮೆ ನೋಡಿ ಮೆಟ್ಟಿಲಿಳಿದು ಹೋದರು.

ಬೆಳಿಗ್ಗೆ ಬೂಚ ಹೊಳೆಗೆ ಬಂದರೆ ಗುರು ಹರಿಗೋಲಿನಲ್ಲಿ ಕೂತಿದ್ದಾರೆ! ಮಡಿಲಲ್ಲಿ ಬಟ್ಟೆಗಂಟು ಬೇರೆ.

"ಗುರುಗಳೇ! ಎಲ್ಲಿಗೆ?"

"ಆಚೆ ದಡಕ್ಕೆ."

"ಇವತ್ತೇನಾ? ಚಾವಣಿ ಬಿದ್ದರೆ ನಾನು ಯಾರಿಗೆ ಹೇಳಲಿ?"

"ಹೇಳೋದೇನೂ ಬೇಡ. ಬಿದ್ದ ಸದ್ದು ಆಚೆ ದಡಕ್ಕೂ ಕೇಳುತ್ತೆ." ಹರಿಗೋಲು ಹೊರಟಿತು. "ಗಂಟೆ ಸದ್ದೂ ಕೇಳುತ್ತೆ," ಎಂದರು ಗುರು.

ಬೂಚನಿಗೆ ಮೈಯೆಲ್ಲ ಉರಿದುಹೋಯಿತು. ಇದೆಂಥಾ ಗುರುವಯ್ಯ! ಬೇಕಾದ ಹೊತ್ತಿಗೆ ಸರಿಯಾಗಿ ಕೈಕೊಟ್ಟು ಹೋದರಲ್ಲ! ದಡದಲ್ಲಿ ಕೂತು ಬಾಯಿಗೆ ಬಂದಂತೆ ಬೈದ. ಬೈದು ಸುಸ್ತಾಯಿತು. ಇನ್ನೇನು ಮಾಡಲಿ ಎಂದು ಕೇಳೋಣವೆಂದರೆ ಯಾರೂ ಇಲ್ಲ.

ಎದ್ದು ಚಾವಣಿ ಹತ್ತಿದ. ಒಂದೊಂದೇ ಕಲ್ಲನ್ನು ಕೈಯಿಂದ ಸವರಿ ನೋಡಿದ. ಕಮಲದ ಕಲ್ಲು ಮೇಲೆ ಅಗಲ, ಕೆಳಗೆ ಕಿರಿದು. ಬಳೆಯೂ ಹಾಗೆಯೇ. ಕಡೆದವನು ತಾನೇ. ಮರಳು ಅದನ್ನು ಎತ್ತಿ ಹಿಡಿದಿರುವ ತನಕ ಅದು ಬಳೆಯೊಳಗೆ ಇಳಿಯುವುದಾದರೂ ಹೇಗೆ?

"ಬುಟ್ಟಿ ತನ್ನಿ!" ಎಂದು ಕೂಗಿದ.

ಮಧ್ಯಾಹ್ನದವರೆಗೂ ಬುಟ್ಟಿಗಳು ಹೊರಗೆ ನಡೆದವು. ಕಂಬಗಳು ಕಂಡವು, ಕಂಬದ ಬುಡ ಕಂಡಿತು. ಕಮಲದ ನೇರ ಕೆಳಗೆ ಒಂದು ರಾಶಿ ಮಾತ್ರ ಉಳಿಯಿತು.

"ಇನ್ನು ಎಲ್ಲರೂ ಆಚೆ ಹೋಗಿ," ಎಂದ ಬೂಚ.

"ನೀನು?" ಎಂದರು ಬಾಗಿಲಲ್ಲಿ ನಿಂತಿದ್ದ ಈಶಾನಯ್ಯ.

"ಇದು ನನ್ನ ಕೆಲಸ ಸ್ವಾಮಿ."

ಬುಡದಿಂದ ಮರಳು ಬಾಚಿದ. ರಾಶಿ ಸರಸರನೆ ಜಾರಿತು. ಒಂದು ಎಸಳು ಕಂಡಿತು, ಇನ್ನೊಂದು ಕಂಡಿತು. ಕೊನೆಯ ಬೊಗಸೆ ಜಾರಿದ್ದೇ ತಡ, ಮೇಲೆ ಕಲ್ಲು ಗರ್ ಎಂದಿತು. ತಲೆಯ ಮೇಲೆ ಧೂಳು ಸುರಿಯಿತು. ಶಿವಶಿವಾ ಎಂದು ಬೂಚ ಕಣ್ಣುಮುಚ್ಚಿ ಮುದುಡಿ ಕೂತ.

ಸದ್ದು ನಿಂತಿತು.

ಒಂದು ಕಣ್ಣು ಬಿಟ್ಟ. ಕಮಲ ಅಲ್ಲೇ ಇತ್ತು. ಎದ್ದು ಬಿದ್ದು ಮೇಲಕ್ಕೆ ಓಡಿ, ಸೊಂಟದಲ್ಲಿದ್ದ ವೀಳ್ಯದೆಲೆ ತೆಗೆದು ಸಂದಿಗಿಟ್ಟ. ತುದಿ ಮಡಿಚಿತು. ಸುತ್ತಲೂ ಪ್ರಯತ್ನಿಸಿದ. ಎಲೆ ಎಲ್ಲೂ ಒಳಗೆ ಹೋಗಲಿಲ್ಲ.

"ಕೂತಿತು! ಕೂತುಬಿಟ್ಟಿತು!"

ಆ ಕೂಗಿಗೆ ಊರೇ ಎದ್ದಿತು. ಆಳುಗಳು ಬೂಚನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಈಶಾನಯ್ಯನವರು ಮುದಿಗಾಲು ಮರೆತು ಚಪ್ಪರಕ್ಕೆ ಓಡಿ, ಸ್ವಾಮಿಯ ಮುಂದಿನ ದೀಪದಿಂದ ಸೊಡರು ಹೊತ್ತಿಸಿ ತಂದು ಕಮಲದ ಕೆಳಗಿಟ್ಟರು. ಗಂಟೆ ಬಾರಿಸಿದರು, ಬಾರಿಸುತ್ತಲೇ ಇದ್ದರು. ಡೋಲು ಬಂತು, ಕೊಂಬು ಬಂತು. ಬೂಚ ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ.

ಹರಿಗೋಲು ಈಚೆ ದಡಕ್ಕೆ ಬಂದಾಗ ಬೂಚ ಮೊಳಕಾಲುದ್ದದ ನೀರಿಗಿಳಿದು ಗುರುವಿನ ಕಾಲು ಹಿಡಿದ.

"ಎಲೆ ಹೋಗ್ತಿಲ್ಲ ಗುರುಗಳೇ!"

"ಹಾಗಾದರೆ ಇತ್ತ ಕೊಡು." ಸಿಂಗೋಜರು ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು, ಮಡಿಚಿ ಬಾಯಿಗೆ ಹಾಕಿಕೊಂಡರು.

"ನಿಮ್ಮನ್ನ ಬೆಳಿಗ್ಗೆ ಬಾಯಿಗೆ ಬಂದಂತೆ ಬೈದೆ," ಎಂದ ಬೂಚ. "ಪಕ್ಕದಲ್ಲಿರಿ ಅಂತ ಅಷ್ಟು ಬೇಡಿಕೊಂಡರೂ ಬಿಟ್ಟು ಹೋದಿರಲ್ಲ, ಯಾಕೆ?"

ಗುರು ಅವನ ತಲೆಯ ಮೇಲಿನ ಧೂಳು ಒರೆಸಿದರು.

"ನಾನೇನು ಸುಮ್ಮನೆ ಕೂತಿದ್ದೆನೇನೋ? ನಿನ್ನ ಕೆಳಗೆ ಇನ್ನೂ ಒಂದು ಬುಟ್ಟಿ ಮರಳು ಉಳಿದಿತ್ತಲ್ಲಪ್ಪ, ಅದನ್ನ ಆಚೆ ದಡಕ್ಕೆ ಸಾಗಿಸಿದೆ."