ಡ್ರಿಲ್ ಮೇಷ್ಟ್ರ ಬ್ಯಾಗು

ಚಳ್ಳಕೆರೆಯ ಡ್ರಿಲ್ ಮೇಷ್ಟ್ರು ತಿಪ್ಪೇರುದ್ರಪ್ಪನವರು ಹೊಸ ಬೈಕು ತಗೊಂಡರು. ಅದರ ಮುಂದಿನ ಚಕ್ರದ ಕುಲುಕು ತಡೆಯುವ ಫೋರ್ಕಿನಲ್ಲಿ ಸ್ಪ್ರಿಂಗ್ ಇಲ್ಲ, ಬರೀ ಗಾಳಿ. ಓಡಿಸುವವರ ತೂಕಕ್ಕೆ ತಕ್ಕಷ್ಟು ತುಂಬಬೇಕು.

"ತೂಕ ಎಷ್ಟು ಸಾರ್?" ಅಂತ ಮೆಕ್ಯಾನಿಕ್ ನೂರುಲ್ಲಾ ಕೇಳಿದ. ಪಕ್ಕದ ಟೀ ಅಂಗಡಿಯವರೆಲ್ಲ ಇತ್ತ ತಿರುಗಿದರು.

ಹೊಟ್ಟೆ ಬಂದ ಮಕ್ಕಳನ್ನು ಬೈದು ಬೈದು ಮೈದಾನ ಸುತ್ತಿಸುವವರು ಮೇಷ್ಟ್ರು. ಹೊಟ್ಟೆ ಒಳಗೆಳೆದುಕೊಂಡು, "ಎಪ್ಪತ್ತು ಕೇಜಿ" ಅಂದರು.

ನೂರುಲ್ಲಾ ಎಪ್ಪತ್ತಕ್ಕೇ ತುಂಬಿದ. ಸಂಜೆಗೆ ಮೇಷ್ಟ್ರು ವಾಪಸ್ಸು.

"ಏನೋ ಕೆಲಸ ಮಾಡಿದ್ದೀಯ? ಬ್ರೇಕ್ ಹಿಡಿದರೆ ಬೈಕು ಮುಗ್ಗರಿಸುತ್ತೆ, ಹಂಪ್ ಸಿಕ್ಕರೆ ಠಣ್ ಅನ್ನುತ್ತೆ! ಎಲ್ಲರೆದುರಿಗೆ ತಪ್ಪೊಪ್ಪಿಕೋ!"

ಟೀ ಅಂಗಡಿಯಿಂದ ಯಾರೋ ಅಂದರು: "ಎದುರಿಗೇ ಗುಜರಿ ಅಂಗಡಿ ತಕ್ಕಡಿ ಇದೆಯಲ್ಲ. ಮೇಷ್ಟ್ರನ್ನ ಒಂದ್ಸಲ ತೂಗಿಬಿಡಿ."

ಮೇಷ್ಟ್ರ ಕಿವಿ ಕೆಂಪಾಯಿತು.

ನೂರುಲ್ಲಾ ತಕ್ಕಡಿ ಕಡೆ ನೋಡಲೇ ಇಲ್ಲ. "ತಪ್ಪು ನಂದೇ ಸಾರ್. ನಿಮ್ಮ ತೂಕ ಕೇಳಿದೆ, ಬ್ಯಾಗಿನ ತೂಕ ಕೇಳೋದು ಮರೆತೆ."

ಮೇಷ್ಟ್ರು ಹೆಗಲಿನ ಬ್ಯಾಗು ನೋಡಿಕೊಂಡರು. ಒಳಗಿದ್ದದ್ದು ಒಂದು ಸೀಟಿ, ಒಂದು ಟವೆಲ್ಲು. ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು: "ಇಪ್ಪತ್ತೆಂಟು ಕೇಜಿ."

"ಅದೇ ಮತ್ತೆ!" ಅಂತ ನೂರುಲ್ಲಾ ಗಾಳಿ ಹೊಡೆದ. ಬೈಕು ತಲೆ ಎತ್ತಿತು. ಮೇಷ್ಟ್ರು ಎತ್ತಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಮೇಷ್ಟ್ರು ಮತ್ತೆ ಬಂದರು. ಟೀ ಅಂಗಡಿ ಖಾಲಿಯಾಗುವವರೆಗೆ ಕಾದರು. ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದರು:

"ನೂರುಲ್ಲಾ, ಬ್ಯಾಗು ಇನ್ನೂ ಎರಡು ಕೇಜಿ ಜಾಸ್ತಿಯಾಗಿದೆ ಕಣೋ."